ತೀರ್ಪಿಗೆ ಮುನ್ನ ಊರು ಸೇರಬಹುದೇ?

ಎಚ್.ಡಿ. ಕೋಟೆ ತಾಲ್ಲೂಕಿನ ಕೊನೆಯ ಹಾಡಿಗಳವರಿಗೆ ಕೇರಳ ಪರದೇಶವೇನಲ್ಲ. ಬಾವಲಿ ಚೆಕ್‌ಪೋಸ್ಟ್ ದಾಟಿದರೆ ವಯನಾಡು, ಇನ್ನಷ್ಟು ಮುಂದೆ ಹೋದರೆ ಮಾನಂದವಾಡಿ. ಮೆಣಸು ಕೊಯ್ಲಿಗೆ, ಕಾಫಿ ತೋಟಕ್ಕೆ, ಶುಂಠಿ ಕೆಲಸಕ್ಕೆ ಇಲ್ಲಿಯವರು ಅಲ್ಲಿಗೆ ಹೋಗುತ್ತಾರೆ. ಅಲ್ಲಿಯ ಶುಂಠಿ ಬೆಳೆಗಾರರು ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಜಮೀನು ಗುತ್ತಿಗೆ ಹಿಡಿಯಲು ಇಲ್ಲಿಗೆ ಬರುತ್ತಾರೆ. ಇಷ್ಟು ಒಡನಾಟವಿರುವ ಗಡಿಯಲ್ಲಿ ಆಚೆ ಬದಿಯ ಠಾಣೆಯೊಂದರಲ್ಲಿ ಈಚೆಯ ಕೂಲಿಯಾಳೊಬ್ಬನ ಮೇಲೆ ಕಳವಿನ ಕೇಸು ಬಿತ್ತು ಎಂದಿಟ್ಟುಕೊಳ್ಳೋಣ. ಅವನಿಗೆ ಶಿಕ್ಷೆಯಾದರೆ ಊರಿನ ಹತ್ತಿರ ಬರಲು ಒಂದು ದಾರಿಯಿದೆ. 1950ರ ಕೈದಿಗಳ ವರ್ಗಾವಣೆ ಕಾಯ್ದೆಯ ಪ್ರಕಾರ ಎರಡೂ ರಾಜ್ಯ ಸರ್ಕಾರಗಳು ಒಪ್ಪಿದರೆ ಉಳಿದ ಶಿಕ್ಷೆಯನ್ನು ಅವನು ಮೈಸೂರಿನ ಜೈಲಿನಲ್ಲಿ ಕಳೆಯಬಹುದು. ಆದರೆ ಆ ಕಾಯ್ದೆಯ ಬಾಗಿಲು ತೆರೆಯುವುದು ಶಿಕ್ಷೆಗೆ ಒಳಗಾದವರಿಗೆ. ಅವನು ಇನ್ನೂ ಆರೋಪಿಯಷ್ಟೇ ಆಗಿದ್ದರೆ, ಅಂದರೆ ಕಾನೂನಿನ ಕಣ್ಣಿಗೆ ನಿರಪರಾಧಿಯೇ ಆಗಿದ್ದರೆ, ಜಾಮೀನು ಕೊಡುವವರು ಸಿಗುವ ತನಕ ಅಲ್ಲೇ ಇರಬೇಕು. ಕೇಸನ್ನೇ ಈಚೆಯ ರಾಜ್ಯಕ್ಕೆ ತರಿಸೋಣವೆಂದರೆ ಅದಕ್ಕೆ ಸುಪ್ರೀಂ ಕೋರ್ಟಿನ ತನಕ ಹೋಗಬೇಕು.

ಅಪರಾಧಿಗಿರುವ ಅನುಕೂಲ ಆರೋಪಿಗಿಲ್ಲ. ದೇಶದ ಒಳಗೂ ಹೀಗೆ, ಹೊರಗೂ ಹೀಗೆ. ವಿದೇಶದಲ್ಲಿ ಶಿಕ್ಷೆಯಾದ ಭಾರತೀಯರನ್ನು ಇಲ್ಲಿನ ಜೈಲಿಗೆ ಕರೆತರಲು, ಇಲ್ಲಿ ಶಿಕ್ಷೆಯಾದ ವಿದೇಶಿಯರನ್ನು ಅವರ ದೇಶಕ್ಕೆ ಕಳುಹಿಸಲು 2003ರಲ್ಲಿ ಕಾಯ್ದೆಯೊಂದು ಬಂತು. ಅದೂ ಶಿಕ್ಷೆ ಆದವರಿಗೇ. 2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ವಿದೇಶಿ ಜೈಲುಗಳಲ್ಲಿ 10,152 ಮಂದಿ ಭಾರತೀಯರಿದ್ದರು. ವಿಚಾರಣೆ ಮುಗಿಯದವರೂ ಆ ಲೆಕ್ಕದಲ್ಲಿದ್ದಾರೆ.

ವಿಚಾರಣೆಗೆ ಮುನ್ನ ಒಬ್ಬನನ್ನು ಏಕೆ ಕೂಡಿಹಾಕುತ್ತಾರೆ? ಓಡಿಹೋದಾನು, ಸಾಕ್ಷಿ ಕೆಡಿಸಿಯಾನು, ಮತ್ತೆ ಅದೇ ಕೆಲಸ ಮಾಡಿಯಾನು ಎಂಬ ಭಯಕ್ಕೆ. ಸಣ್ಣಪುಟ್ಟ ಕೇಸುಗಳಲ್ಲಿ ಮೊದಲನೆಯ ಭಯವೇ ದೊಡ್ಡದು. ಮನುಷ್ಯನನ್ನು ಒಂದು ಕಡೆ ಹಿಡಿದು ನಿಲ್ಲಿಸುವುದು ಯಾವುದು? ಹೆಂಡತಿ ಮಕ್ಕಳು, ಮುಪ್ಪಿನ ತಾಯಿ, ರೇಷನ್ ಕಾರ್ಡು, ಸಂಘದಲ್ಲಿ ಎತ್ತಿದ ಸಾಲ, ನಾಲ್ಕು ಜನ ಗುರುತು ಹಿಡಿಯುವ ಬೀದಿ. ಇವೆಲ್ಲ ಇರುವುದು ಊರಿನಲ್ಲಿ. ನಮ್ಮ ಜಾಮೀನು ಪದ್ಧತಿ ಇವುಗಳಲ್ಲಿ ಒಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಬೇರೊಂದನ್ನು ಕೇಳುತ್ತದೆ. ಅದರ ಹೆಸರು ಪಹಣಿ.

ತಾಲ್ಲೂಕು ಕೋರ್ಟಿನ ಜಗಲಿಯಲ್ಲಿ ಒಂದು ಬೆಳಿಗ್ಗೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಲ್ ಆರ್ಡರ್ ಆದ ಕೂಡಲೇ ವಕೀಲರು ಕೇಳುವ ಪ್ರಶ್ನೆ, ಶ್ಯೂರಿಟಿ ಯಾರು, ಜಮೀನು ಯಾರ ಹೆಸರಲ್ಲಿದೆ? ಅಪ್ಪನ ಹೆಸರಿನಲ್ಲಿದ್ದು ಪೌತಿ ಖಾತೆ ಆಗದ ಜಮೀನು ನಡೆಯುವುದಿಲ್ಲ. ಹೊಗೆಸೊಪ್ಪು ಬೆಳೆಯುವ ಈ ಸೀಮೆಯಲ್ಲಿ ಪಹಣಿಯ ಋಣದ ಕಾಲಂ ಖಾಲಿ ಇರುವವರು ಎಷ್ಟು ಮಂದಿ? ಬ್ಯಾಂಕಿನ ಹೆಸರು ಅಲ್ಲಿ ಕೂತಿದ್ದರೆ ಕೆಲವು ಕಡೆ ಅದಕ್ಕೂ ತಕರಾರು. ಭೂಮಿ ಇದ್ದವನು ಒಪ್ಪಿದರೂ ಮನೆಯಾಕೆ ಒಪ್ಪಬೇಕು. ಅವನೇನಾದರೂ ವಾಯಿದೆಗೆ ಬರದೆ ಹೋದರೆ ದಂಡ ನಾವು ಕಟ್ಟಬೇಕಲ್ಲ ಎಂಬ ಆಕೆಯ ಮಾತಿನಲ್ಲಿ ತಪ್ಪಿಲ್ಲ. ಹಾಡಿಗಳಲ್ಲಂತೂ ತೊಡಕು ಇನ್ನೊಂದು ಬಗೆಯದು. ಅರಣ್ಯ ಹಕ್ಕು ಕಾಯ್ದೆಯಡಿ ಜೇನುಕುರುಬರಿಗೋ ಬೆಟ್ಟಕುರುಬರಿಗೋ ಹಕ್ಕುಪತ್ರ ಸಿಕ್ಕಿದ್ದರೂ ಆ ಭೂಮಿಯನ್ನು ಪರಭಾರೆ ಮಾಡುವಂತಿಲ್ಲ. ಮಕ್ಕಳಿಗೆ ಬರುತ್ತದೆ, ಮಾರಾಟಕ್ಕೆ ಬರುವುದಿಲ್ಲ. ಅವರ ರಕ್ಷಣೆಗೆಂದೇ ಇಟ್ಟ ನಿಯಮ ಅದು, ಒಳ್ಳೆಯ ನಿಯಮವೇ. ಆದರೆ ಜಪ್ತಿ ಮಾಡಲಾಗದ ಭೂಮಿಗೆ ಜಾಮೀನಿನ ಮೇಜಿನ ಮೇಲೆ ಬೆಲೆ ಕಟ್ಟುವವರು ಯಾರು?

ಹೀಗೆ ಕೊರತೆ ಇರುವ ಕಡೆ ವ್ಯಾಪಾರ ಹುಟ್ಟುತ್ತದೆ. ದುಡ್ಡು ತೆಗೆದುಕೊಂಡು ಗುರುತಿಲ್ಲದವನಿಗೆ ಜಾಮೀನು ನಿಲ್ಲುವವರು ದೊಡ್ಡ ಊರುಗಳ ಕೋರ್ಟುಗಳ ಸುತ್ತ ಇದ್ದೇ ಇದ್ದಾರೆ. ನಕಲಿ ಪಹಣಿ, ನಕಲಿ ಆಧಾರ್ ಹಿಡಿದು ನಿಂತು ಸಿಕ್ಕಿಬಿದ್ದವರ ಸುದ್ದಿ ಆಗಾಗ ಬರುತ್ತದೆ. ಹಾಗಾಗಿಯೇ, ಇದುವರೆಗೆ ಎಷ್ಟು ಜನರಿಗೆ ಜಾಮೀನು ನಿಂತಿದ್ದೀಯ ಎಂದು ಜಾಮೀನುದಾರನಿಂದ ಘೋಷಣೆ ಬರೆಸಿಕೊಳ್ಳುವ ಕಲಂ ಕಾನೂನಿನಲ್ಲಿದೆ. ಬಾಡಿಗೆಯ ಜಾಮೀನುದಾರನಿಗೆ ಆರೋಪಿಯ ಮನೆ ಯಾವ ದಿಕ್ಕಿನಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ. ಅವನ ಸಹಿಯನ್ನು ಭದ್ರತೆ ಎಂದು ನಂಬಿ, ಆರೋಪಿಯ ಸ್ವಂತ ಊರನ್ನು ಅಪಾಯ ಎಂದು ತಿಳಿಯುವುದು ವಿಚಿತ್ರ.

ಜಾಮೀನುದಾರ ಅದೇ ಜಿಲ್ಲೆಯವನಾಗಿರಬೇಕು ಎಂದು ಕಾನೂನಿನ ಯಾವ ಕಲಮೂ ಹೇಳುವುದಿಲ್ಲ. ಅದು ರೂಢಿ, ಅದೂ ಹಠಮಾರಿ ರೂಢಿ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಮಂಜೂರು ಮಾಡಿದರೂ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಆ ಶ್ಯೂರಿಟಿಯನ್ನೂ ತಳ್ಳಿಹಾಕಿದರು. 1978ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಈ ರೂಢಿಯನ್ನು ಚೆನ್ನಾಗಿ ಝಾಡಿಸಿತು. ಅದರಲ್ಲಿ ನಮ್ಮವರ ಉಲ್ಲೇಖವೂ ಇದೆ. ಮಲಯಾಳಿಯೋ ಕನ್ನಡಿಗನೋ ತಮಿಳನೋ ತೆಲುಗನೋ ಬಸ್ತರಿನಲ್ಲಿ, ಪೋರ್ಟ್ ಬ್ಲೇರಿನಲ್ಲಿ, ಪಹಲ್ಗಾಮಿನಲ್ಲಿ, ಚಾಂದನಿ ಚೌಕದಲ್ಲಿ ಬಂಧನಕ್ಕೊಳಗಾದರೆ ಆ ದೂರದ ಊರಿನ ಆಸ್ತಿವಂತರನ್ನು ಜಾಮೀನಿಗೆ ಎಲ್ಲಿಂದ ತರಬೇಕು ಎಂದು ಅವರು ಕೇಳಿದ್ದರು. ಮೋತಿರಾಮನನ್ನು 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. ಅದಾಗಿ ನಲವತ್ತನಾಲ್ಕು ವರ್ಷದ ಮೇಲೆ, 2023ರ ಜನವರಿ 31ರಂದು, ಅದೇ ಕೋರ್ಟು ಸ್ಥಳೀಯ ಜಾಮೀನುದಾರರನ್ನೇ ಬೇಕೆಂದು ಪಟ್ಟು ಹಿಡಿಯುವುದರಿಂದ ಬಿಡುಗಡೆ ತಡವಾಗುತ್ತಿದೆ, ಅಂಥ ಕಡೆ ಆ ಷರತ್ತು ಹಾಕದಿರಿ ಎಂದು ಮತ್ತೆ ಹೇಳಬೇಕಾಯಿತು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅವರೆಲ್ಲರೂ ಶ್ಯೂರಿಟಿ ಇಲ್ಲದೆ ಕೂತವರಲ್ಲ. ಆದರೆ ಜಾಮೀನು ಸಿಕ್ಕಿಯೂ ಹೊರಬರಲಾಗದವರು ಆ ಗುಂಪಿನಲ್ಲಿ ಇದ್ದಾರೆ ಎಂಬುದಕ್ಕೆ ಸುಪ್ರೀಂ ಕೋರ್ಟಿನ ಆದೇಶವೇ ಸಾಕ್ಷಿ.

ಹಾಗಾದರೆ ಆರೋಪಿಯನ್ನು ಅವನ ಊರಿಗೆ ಕಳುಹಿಸಿ, ಅಲ್ಲಿನ ಪೊಲೀಸರ ಕಣ್ಗಾವಲಿನಲ್ಲಿ ಇರಿಸಿ, ವಾಯಿದೆಗೆ ಮಾತ್ರ ಕರೆಸಿಕೊಳ್ಳುವುದು ಆಗದ ಮಾತೇ? ಆಗಿದೆ. ಅದೂ ನಮ್ಮ ಕರ್ನಾಟಕದ್ದೇ ಕೇಸಿನಲ್ಲಿ, ಅದೂ ಸಣ್ಣ ಕೇಸಿನಲ್ಲಲ್ಲ. 2008ರ ಬೆಂಗಳೂರು ಸರಣಿ ಸ್ಫೋಟದ ಆರೋಪಿ, ಕೇರಳದ ಪಿಡಿಪಿ ನಾಯಕ ಅಬ್ದುಲ್ ನಾಸಿರ್ ಮದನಿ ಅವರನ್ನು 2010ರ ಆಗಸ್ಟ್‌ನಲ್ಲಿ ಬಂಧಿಸಲಾಯಿತು. 2014ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಾಮೀನು ಕೊಟ್ಟಿತು, ಆದರೆ ಬೆಂಗಳೂರು ಬಿಟ್ಟು ಹೋಗುವಂತಿಲ್ಲ ಎಂಬ ಷರತ್ತಿನ ಮೇಲೆ. ಜೈಲಿನಿಂದ ಹೊರಗೆ, ಊರಿನಿಂದಲೂ ಹೊರಗೆ; ಹೀಗೆ ಒಂಬತ್ತು ವರ್ಷ. 2023ರಲ್ಲಿ ಕಾಯಿಲೆಯ ತಂದೆಯನ್ನು ನೋಡಲು ಹೋಗಿಬರಲು ಅನುಮತಿ ಸಿಕ್ಕಾಗ ಬೆಂಗಾವಲಿನ ವೆಚ್ಚವೆಂದು ನಮ್ಮ ಪೊಲೀಸರು ಸುಮಾರು 60 ಲಕ್ಷ ರೂಪಾಯಿ ಕೇಳಿದ್ದು ಸುದ್ದಿಯಾಯಿತು. ಅದೇ ವರ್ಷ ಜುಲೈ 17ರಂದು ಸುಪ್ರೀಂ ಕೋರ್ಟು ಷರತ್ತನ್ನು ಸಡಿಲಿಸಿ ಅವರನ್ನು ಸ್ವಂತ ಜಿಲ್ಲೆ ಕೊಲ್ಲಂಗೆ ಹೋಗಿ ಇರಲು ಬಿಟ್ಟಿತು. ಹದಿನೈದು ದಿನಕ್ಕೊಮ್ಮೆ ಅಲ್ಲಿನ ಹತ್ತಿರದ ಠಾಣೆಗೆ ಹಾಜರಾಗಬೇಕು, ಅಷ್ಟೇ. ಒಂದು ರಾಜ್ಯದ ಆರೋಪಿ, ಇನ್ನೊಂದು ರಾಜ್ಯದ ಠಾಣೆಯ ರಿಜಿಸ್ಟರಿನಲ್ಲಿ ಸಹಿ. ಬೆಂಗಾವಲಿನ 60 ಲಕ್ಷ ಎಲ್ಲಿ, ಕೊಲ್ಲಂ ಠಾಣೆಯ ಒಂದು ಪುಸ್ತಕ ಎಲ್ಲಿ!

ಉತ್ತರಪ್ರದೇಶದ ಹಾಥರಸ್‌ಗೆ ಹೋಗುವಾಗ ಬಂಧಿತರಾದ ಮಲಯಾಳಿ ಪತ್ರಕರ್ತ ಸಿದ್ದೀಕ್ ಕಪ್ಪನ್ ಅವರ ಕೇಸಿನಲ್ಲೂ ಹೀಗೆಯೇ ಆಯಿತು. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಮೊದಲ ಆರು ವಾರ ದೆಹಲಿಯಲ್ಲಿದ್ದು ಆಮೇಲೆ ಊರಿಗೆ ಹೋಗಿ ಅಲ್ಲಿನ ಠಾಣೆಗೆ ಪ್ರತಿ ಸೋಮವಾರ ಹಾಜರಾಗಿ ಎಂದಿತು. ಆದರೆ ಹೊರಬರಲು ಉತ್ತರಪ್ರದೇಶದವರೇ ಇಬ್ಬರು ಜಾಮೀನುದಾರರು ಬೇಕಿತ್ತು. ಗುರುತಿಲ್ಲದ ಆ ಮನುಷ್ಯನಿಗೆ ಲಖನೌ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ರೂಪ್ ರೇಖಾ ವರ್ಮಾ ತಮ್ಮ ಕಾರಿನ ದಾಖಲೆ ಇಟ್ಟು ಜಾಮೀನು ನಿಂತರು. ಮಾನಂದವಾಡಿಯಲ್ಲಿ ಸಿಕ್ಕಿಬಿದ್ದ ಶುಂಠಿ ಕೂಲಿಗೆ ಯಾವ ಕುಲಪತಿ ಬರುತ್ತಾರೆ? ಈ ಎರಡೂ ಆದೇಶಗಳು ಬಂದದ್ದು ದೆಹಲಿಯ ದೊಡ್ಡ ಕೋರ್ಟಿನಿಂದ, ದೊಡ್ಡ ವಕೀಲರ ವಾದದಿಂದ. ಅಲ್ಲಿ ಸಾಧ್ಯವಾದದ್ದನ್ನು ತಾಲ್ಲೂಕಿನ ಮ್ಯಾಜಿಸ್ಟ್ರೇಟರೂ ಮಾಡುವಂತೆ ಒಂದು ನಮೂನೆ, ಒಂದು ಪದ್ಧತಿ ಬೇಕು. ಅದು ನಮ್ಮಲ್ಲಿಲ್ಲ.

ಯುರೋಪಿನವರು ಅಂಥದ್ದೊಂದನ್ನು ಬರೆದಿಟ್ಟಿದ್ದಾರೆ. 2009ರ ಅಕ್ಟೋಬರ್ 23ರಂದು ಯುರೋಪಿಯನ್ ಒಕ್ಕೂಟದ ಮಂತ್ರಿಗಳ ಪರಿಷತ್ತು ಒಪ್ಪಿದ ನಿರ್ಣಯ ಅದು. 2012ರ ಡಿಸೆಂಬರ್ 1ರ ಒಳಗೆ ಸದಸ್ಯ ದೇಶಗಳು ಅದನ್ನು ತಮ್ಮ ಕಾನೂನಿಗೆ ಸೇರಿಸಿಕೊಳ್ಳಬೇಕಿತ್ತು. ಹಿನ್ನೆಲೆಯಲ್ಲಿದ್ದ ಸಂಕಟ ನಮ್ಮದೇ. ಸ್ಪೇನಿನಲ್ಲಿ ಸಿಕ್ಕಿಬಿದ್ದ ಪೋಲೆಂಡಿನವನಿಗೆ ಅಲ್ಲಿ ಮನೆಯಿಲ್ಲ, ಆದ್ದರಿಂದ ಓಡಿಹೋಗುತ್ತಾನೆ ಎಂದು ಜೈಲು. ಅದೇ ತಪ್ಪು ಮಾಡಿದ ಸ್ಪೇನಿನವನಿಗೆ ಜಾಮೀನು. ಆ್ಯಂಡ್ರ್ಯೂ ಸೈಮಿಯೂ ಎಂಬ ಬ್ರಿಟಿಷ್ ವಿದ್ಯಾರ್ಥಿಯ ಕತೆ ಆ ಕಾಲದಲ್ಲಿ ದೊಡ್ಡ ಸುದ್ದಿ. ಸಾವಿನ ಪ್ರಕರಣವೊಂದರಲ್ಲಿ 2009ರ ಜುಲೈನಲ್ಲಿ ಅವನನ್ನು ಗ್ರೀಸಿಗೆ ಒಪ್ಪಿಸಿದರು. ಹೊರದೇಶದವನೆಂದು ಜಾಮೀನು ಸಿಗದೆ ಹನ್ನೊಂದು ತಿಂಗಳ ಹತ್ತಿರ ಅಥೆನ್ಸಿನ ಕೊರಿಡಾಲೊಸ್ ಸೇರಿದಂತೆ ಅಲ್ಲಿನ ಜೈಲುಗಳಲ್ಲಿ ಕಳೆದ. 2011ರ ಜೂನ್‌ನಲ್ಲಿ ನಿರ್ದೋಷಿ ಎಂದು ತೀರ್ಪಾಯಿತು.

ಹೊಸ ಏರ್ಪಾಡಿನಲ್ಲಿ ಕೇಸು ನಡೆಸುವ ದೇಶದ ನ್ಯಾಯಾಧೀಶರು ಷರತ್ತುಗಳನ್ನು ಬರೆದು, ಪ್ರಮಾಣಪತ್ರದ ಜೊತೆ ಆರೋಪಿಯ ಸ್ವಂತ ದೇಶಕ್ಕೆ ಕಳುಹಿಸುತ್ತಾರೆ. ಗೊತ್ತಾದ ದಿನ ಠಾಣೆಗೆ ಬರಬೇಕು, ಇಂಥ ಮನೆಯಲ್ಲೇ ಇರಬೇಕು, ಇಂಥ ಜಾಗಕ್ಕೆ ಹೋಗಬಾರದು, ಇಂಥವರೊಡನೆ ಮಾತಾಡಬಾರದು, ದೇಶ ಬಿಡಬಾರದು, ವಿಳಾಸ ಬದಲಾದರೆ ತಿಳಿಸಬೇಕು ಎಂಬ ಆರು ಬಗೆಯ ಷರತ್ತುಗಳನ್ನು ಎಲ್ಲ ದೇಶಗಳೂ ನೋಡಿಕೊಳ್ಳಲೇಬೇಕು. ಸ್ವಂತ ದೇಶದವರು 20 ಕೆಲಸದ ದಿನಗಳಲ್ಲಿ ಒಪ್ಪಿಗೆಯ ನಿರ್ಧಾರ ಮಾಡಬೇಕು. ಆರೋಪಿ ಷರತ್ತು ಮುರಿದರೆ ಮೊದಲ ದೇಶ ವಾರಂಟು ಹೊರಡಿಸಿ ಎಳೆದು ತರಿಸಿಕೊಳ್ಳಬಹುದು. ಕಾಗದದ ಮೇಲೆ ಎಲ್ಲವೂ ಚೆಂದ. ಆದರೆ ಇದನ್ನು ಬಳಸುವವರು ಬಲು ಕಡಿಮೆ, ವಕೀಲರಿಗೂ ನ್ಯಾಯಾಧೀಶರಿಗೂ ಇದರ ಅರಿವೇ ಸಾಲದು ಎಂಬ ದೂರು ಅಲ್ಲಿಯೂ ಇದೆ. ಜೈಲಿಗೆ ಕಳುಹಿಸಲು ಒಂದು ಸಹಿ ಸಾಕು. ಊರಿಗೆ ಕಳುಹಿಸಲು ಪತ್ರ ಬರೆಯಬೇಕು, ಉತ್ತರಕ್ಕೆ ಕಾಯಬೇಕು. ಯಾವ ದೇಶವಾದರೇನು, ಕಚೇರಿಯ ಮನಸ್ಸು ಒಂದೇ.

ಆರೋಪಿಯನ್ನು ಸ್ವದೇಶದಲ್ಲಿ ಕಾಯಲು ಬಿಟ್ಟ ಅನುಭವ ನಮಗೂ ಇದೆ, ಕಹಿಯೂ ಸೇರಿದಂತೆ. 2012ರ ಫೆಬ್ರುವರಿಯಲ್ಲಿ ಕೇರಳದ ಕಡಲಲ್ಲಿ ಎನ್ರಿಕಾ ಲೆಕ್ಸಿ ಹಡಗಿನ ಮೇಲಿದ್ದ ಇಟಲಿಯ ಇಬ್ಬರು ನೌಕಾಯೋಧರು ಗುಂಡು ಹಾರಿಸಿ ಇಬ್ಬರು ಮೀನುಗಾರರನ್ನು ಕೊಂದರು ಎಂಬ ಕೇಸು. ಮೊದಲು ಕೊಚ್ಚಿಯಲ್ಲೇ ಇರಬೇಕೆಂಬ ಷರತ್ತಿನ ಜಾಮೀನು. ಆ ವರ್ಷದ ಕ್ರಿಸ್‌ಮಸ್‌ಗೆ ಕೇರಳ ಹೈಕೋರ್ಟು 6 ಕೋಟಿ ರೂಪಾಯಿ ಭದ್ರತೆ ಪಡೆದು ಊರಿಗೆ ಬಿಟ್ಟಿತು, ಹೇಳಿದಂತೆ ಮರಳಿದರು. 2013ರ ಫೆಬ್ರುವರಿಯಲ್ಲಿ ಮತ ಹಾಕಿ ಬರುತ್ತೇವೆಂದಾಗ ಸುಪ್ರೀಂ ಕೋರ್ಟು ನಾಲ್ಕು ವಾರ ಕೊಟ್ಟಿತು. ಮಾರ್ಚ್‌ನಲ್ಲಿ ಇಟಲಿ ಸರ್ಕಾರ ಅವರನ್ನು ಕಳುಹಿಸುವುದಿಲ್ಲ ಎಂದುಬಿಟ್ಟಿತು. ಮಾತು ಕೊಟ್ಟಿದ್ದ ರಾಯಭಾರಿ ದೇಶ ಬಿಡದಂತೆ ಕೋರ್ಟು ತಡೆದ ಮೇಲೆ, ತಿಂಗಳು ಮುಗಿಯುವುದರೊಳಗೆ ಇಬ್ಬರೂ ಬಂದರು. ಇಷ್ಟಾದರೂ, ವಿವಾದ ಅಂತರರಾಷ್ಟ್ರೀಯ ಪಂಚಾಯ್ತಿಗೆ ಹೋದ ನಂತರ, 2016ರ ಮೇ 26ರಂದು ಸುಪ್ರೀಂ ಕೋರ್ಟು ಅವರಲ್ಲೊಬ್ಬನಾದ ಸಾಲ್ವತೋರೆ ಜಿರೋನೆಯನ್ನು ಇಟಲಿಗೆ ಬಿಟ್ಟಿತು. ಪಾಸ್‌ಪೋರ್ಟ್ ಅಲ್ಲಿನ ಅಧಿಕಾರಿಗಳ ವಶ, ಅಲ್ಲಿನ ಠಾಣೆಗೆ ಹಾಜರಿ, ನಮ್ಮ ಕೋರ್ಟಿನ ಅಪ್ಪಣೆಯಿಲ್ಲದೆ ಇಟಲಿ ಬಿಡುವಂತಿಲ್ಲ, ವಿಚಾರಣೆಯ ಹಕ್ಕು ಭಾರತದ್ದೆಂದು ತೀರ್ಮಾನವಾದರೆ ಮರಳಬೇಕು, ಇದಕ್ಕೆಲ್ಲ ರಾಯಭಾರಿಯ ಖಾತರಿ. ಯುರೋಪಿನ ಪದ್ಧತಿಗೆ ಇಷ್ಟು ಹತ್ತಿರದ್ದು ನಮ್ಮ ನ್ಯಾಯಾಲಯಗಳಲ್ಲಿ ಬೇರೊಂದು ಸಿಗುವುದು ಕಷ್ಟ. ವಿಚಾರಣೆಯ ಹಕ್ಕು ಕೊನೆಗೆ ಇಟಲಿಗೇ ಹೋಯಿತು. 10 ಕೋಟಿ ರೂಪಾಯಿ ಪರಿಹಾರ ಬಂದ ಮೇಲೆ 2021ರ ಜೂನ್‌ನಲ್ಲಿ ಇಲ್ಲಿನ ಕೇಸು ಮುಚ್ಚಿತು. ಒಂದು ಸರ್ಕಾರ ಬೆನ್ನಿಗೆ ನಿಂತ ಆರೋಪಿಯ ಕತೆ ಇದು.

ಬೆನ್ನಿಗೆ ಯಾರೂ ಇಲ್ಲದವರನ್ನು ನೋಡಲು ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರಕ್ಕೆ ಹೋಗಬೇಕು. ಹಕ್ಕಿಪಿಕ್ಕಿ ಜನರ ಊರು. ಬೇಟೆ ನಿಂತ ಮೇಲೆ ಮಣಿಸರ, ಪ್ಲಾಸ್ಟಿಕ್ ಹೂವು, ಈಗ ಕೂದಲಿನ ಎಣ್ಣೆ. ಎಣ್ಣೆಯ ಬಾಟಲಿ ಹಿಡಿದು ಆಫ್ರಿಕಾದ ದೇಶಗಳ ತನಕ ಹೋಗಿ ಮಾರಿ ಬರುವ ಧೈರ್ಯ ಇವರದ್ದು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಲುಕಿದ್ದ ರಾಜ್ಯದ ಹಕ್ಕಿಪಿಕ್ಕಿಗಳ ಬಗ್ಗೆ ರಾಜಕೀಯ ಜಟಾಪಟಿಯೇ ನಡೆಯಿತು. ‘ಆಪರೇಷನ್ ಕಾವೇರಿ’ಯಲ್ಲಿ ಅವರನ್ನು ಕರೆತರಲಾಯಿತು. ಅವರು ಆರೋಪಿಗಳಾಗಿರಲಿಲ್ಲ. ಆದರೆ ಬೀದಿ ವ್ಯಾಪಾರಿಗೆ ವೀಸಾದ ಅವಧಿ, ಮಾರಾಟದ ಪರವಾನಗಿ ಎಂದು ಕೇಸು ಬೀಳುವುದು ಯಾವ ದೇಶದಲ್ಲೂ ಸುಲಭ. ಹಾಗೇನಾದರೂ ಆದರೆ ಶಿಕ್ಷೆಯಾಗುವ ತನಕ 2003ರ ಕಾಯ್ದೆ ಅವರ ನೆರವಿಗೆ ಬಾರದು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಹುಣಸೂರಿನ ಗುರುಪುರದಲ್ಲಿ ಪ್ರಶ್ನೆ ತಲೆಕೆಳಗಾಗುತ್ತದೆ. ರಾಜ್ಯ ಸರ್ಕಾರ ಕೊಟ್ಟ ಭೂಮಿಯಲ್ಲಿ ದಶಕಗಳಿಂದ ನೆಲೆಸಿದ ಟಿಬೆಟಿನವರಲ್ಲಿ ನಾಗರಿಕತ್ವ ಪಡೆಯದವರು ಕಾನೂನಿಗೆ ಇಂದಿಗೂ ವಿದೇಶಿಯರು. ವಿದೇಶಿ ಆರೋಪಿ ಮಾದಕವಸ್ತು ಕೇಸಿನಲ್ಲಿ ಜಾಮೀನು ಕೇಳಿದರೆ, ದೇಶ ಬಿಡುವುದಿಲ್ಲವೆಂದು ರಾಯಭಾರ ಕಚೇರಿಯಿಂದ ಖಾತರಿ ಪತ್ರ ತರಬೇಕೆಂದು 1994ರ ತೀರ್ಪೊಂದರ ಬಲದ ಮೇಲೆ ಕೋರ್ಟುಗಳು ಕೇಳುತ್ತಿದ್ದವು. ಟಿಬೆಟಿನವರಿಗೆ ಯಾವ ರಾಯಭಾರಿ? ನೈಜೀರಿಯಾದ ಫ್ರಾಂಕ್ ವೈಟಸ್ ಎಂಬಾತನ ಅರ್ಜಿಯಲ್ಲಿ 2024ರ ಜುಲೈ 8ರಂದು ಸುಪ್ರೀಂ ಕೋರ್ಟು ಈ ಗಂಟನ್ನು ಬಿಚ್ಚಿತು. ಅಂಥ ಪತ್ರ ಕಡ್ಡಾಯವಲ್ಲ, ರಾಯಭಾರ ಕಚೇರಿ ಕೊಡದೆ ಹೋದರೆ ಆರೋಪಿಯನ್ನು ಹೊಣೆ ಮಾಡುವಂತಿಲ್ಲ ಎಂದಿತು. ಆರೋಪಿ ಸದಾ ಗೂಗಲ್ ಮ್ಯಾಪಿನಲ್ಲಿ ತಾನಿರುವ ಜಾಗ ತೋರಿಸುತ್ತಿರಬೇಕು ಎಂಬ ಷರತ್ತನ್ನೂ ತೆಗೆದುಹಾಕಿತು. ಬೈಲಕುಪ್ಪೆಯವನಿಗೆ ಊರೆಂದರೆ ಬೈಲಕುಪ್ಪೆಯೇ. ಅವನ ಮೇಲೆ ನಿಗಾ ಇಡಬಲ್ಲ ಠಾಣೆ ಅಲ್ಲೇ ಇದೆ.

ಊರಿಗೆ ಬಿಡುವುದು ಎಲ್ಲ ಕೇಸಿಗೂ ಸಲ್ಲುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. ದೂರು ಕೊಟ್ಟವಳು ಅದೇ ಬೀದಿಯಲ್ಲಿದ್ದರೆ? 2024ರಲ್ಲಿ ಕೆ.ಆರ್. ನಗರ ಠಾಣೆಯಲ್ಲಿ ದಾಖಲಾದ ಮಹಿಳೆಯೊಬ್ಬರ ಅಪಹರಣದ ಕೇಸಿನಲ್ಲಿ ಹಾಸನದ ರಾಜಕೀಯ ಕುಟುಂಬದ ಸದಸ್ಯರಿಗೆ ಜಾಮೀನು ಸಿಕ್ಕಾಗ, ಕೆ.ಆರ್. ನಗರದ ಕಡೆ ಕಾಲಿಡಬಾರದು ಎಂಬ ಷರತ್ತು ಜೊತೆಗಿತ್ತು. ಆರೋಪ ನಿಜವೇ ಎಂಬುದು ಬೇರೆ ಮಾತು, ಷರತ್ತು ಸರಿಯಾದದ್ದು. ಗಣಿ ಕೇಸಿನ ಗಾಲಿ ಜನಾರ್ದನ ರೆಡ್ಡಿ ಅವರಿಗೆ 2015ರಲ್ಲಿ ಜಾಮೀನು ಸಿಕ್ಕರೂ ಸ್ವಂತ ಊರು ಬಳ್ಳಾರಿಗೆ ಹೋಗುವಂತಿರಲಿಲ್ಲ. ಆ ಷರತ್ತು ಪೂರಾ ತೆಗೆದದ್ದು 2024ರಲ್ಲಿ. ಊರೇ ಬಲವಾಗಿರುವವನನ್ನು ಊರಿನಿಂದ ದೂರ ಇಡಬೇಕು, ಊರೊಂದೇ ಆಸರೆಯಾಗಿರುವವನನ್ನು ಊರಿಗೆ ಕಳುಹಿಸಬೇಕು. ಎರಡನ್ನೂ ಬೇರೆ ಮಾಡಿ ನೋಡುವುದಕ್ಕೇ ನ್ಯಾಯಾಧೀಶರ ವಿವೇಚನೆ ಇರುವುದು. ಇನ್ನೊಂದು ಆತಂಕ, ವಾಯಿದೆಗೆ ಬರುತ್ತಾನೆಯೇ ಎಂಬುದು. ರಾತ್ರಿ ಮುಚ್ಚುವ ಕಾಡಿನ ರಸ್ತೆ ದಾಟಿ, ಒಂದು ದಿನದ ಕೂಲಿ ಬಿಟ್ಟು ಹೋದವನಿಗೆ ವಾಯಿದೆ ಮುಂದಕ್ಕೆ ಹೋಯಿತೆಂದು ತಿಳಿಯುತ್ತದೆ. ಮತ್ತೊಮ್ಮೆ ಹೋಗದಿದ್ದರೆ ವಾರಂಟು. ಓಡಿಹೋದವನು, ಬಸ್ಸಿಗೆ ಕಾಸಿಲ್ಲದವನು, ಇಬ್ಬರಿಗೂ ಒಂದೇ ವಾರಂಟು. ವಿಡಿಯೊ ಮೂಲಕ ವಿಚಾರಣೆ ನಡೆಸಲು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅವಕಾಶ ಕೊಟ್ಟಿದೆ. ಎಚ್.ಡಿ. ಕೋಟೆಯ ಕೋರ್ಟಿನ ಪರದೆಯ ಮುಂದೆ ನಿಂತು ಮಾನಂದವಾಡಿಯ ವಾಯಿದೆ ಮುಗಿಸುವುದು ಇಂದಿನ ಕಾಲಕ್ಕೆ ದೊಡ್ಡ ಬೇಡಿಕೆಯಲ್ಲ.

ಹೊಸ ಕಾನೂನಿಗೆ ಕಾಯದೆ ಈಗಲೇ ಹಿಡಿಯಬಹುದಾದ ಎಳೆಗಳು ಕೆಲವಿವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಕಲಂ ಪ್ರಕಾರ, ಜಾಮೀನು ಕೊಡಬಹುದಾದ ಅಪರಾಧದಲ್ಲಿ ಬಂಧನವಾಗಿ ಒಂದು ವಾರದೊಳಗೆ ಶ್ಯೂರಿಟಿ ಒದಗಿಸಲಾಗದವನನ್ನು ಬಡವನೆಂದೇ ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. 479ನೇ ಕಲಂ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಬಿಡಬೇಕೆನ್ನುತ್ತದೆ; ಮರಣದಂಡನೆ, ಜೀವಾವಧಿಯ ಕೇಸುಗಳಿಗೆ ಇದಿಲ್ಲ, ಒಂದಕ್ಕಿಂತ ಹೆಚ್ಚು ಕೇಸುಗಳಿದ್ದವರಿಗೂ ಇಲ್ಲ. 2023ರ ಕೇಂದ್ರದ ಯೋಜನೆಯೊಂದರಲ್ಲಿ ಬಡ ವಿಚಾರಣಾಧೀನ ಕೈದಿಯ ಜಾಮೀನಿಗೆ ಸರ್ಕಾರವೇ ಹಣ ಕೊಡುತ್ತದೆ. ಆರ್ಡರ್ ಆಗಿ ಏಳು ದಿನವಾದರೂ ಕೈದಿ ಹೊರಬರದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೂ ಆಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸಬಹುದು ಎಂಬುದು ಸುಪ್ರೀಂ ಕೋರ್ಟಿನ 2023ರ ಜನವರಿ ಆದೇಶದಲ್ಲೇ ಇದೆ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಈ ನಾಲ್ಕೂ ತಾಲ್ಲೂಕುಗಳಲ್ಲಿ ಕಾನೂನು ಸೇವಾ ಸಮಿತಿ ಇರುವುದು ಕೋರ್ಟಿನ ಆವರಣದಲ್ಲೇ. ಫೋನ್ ಮಾಡುವುದಾದರೆ 15100. ಮಗನೋ ಗಂಡನೋ ಬೇರೆ ಜಿಲ್ಲೆಯಲ್ಲಿ, ಬೇರೆ ರಾಜ್ಯದಲ್ಲಿ ಒಳಗಿದ್ದಾನೆಂದು ಹೇಳಿಕೊಂಡು ಹೋಗುವವರು ಬೇಲ್ ಆರ್ಡರಿನ ಪ್ರತಿ, ಆರೋಪಿಯ ರೇಷನ್ ಕಾರ್ಡು, ಆಧಾರ್, ಊರಿನ ಠಾಣೆಯ ಹೆಸರು ಇಷ್ಟನ್ನು ಜೊತೆಗೆ ಒಯ್ಯಬೇಕು. ಸ್ಥಳೀಯ ಶ್ಯೂರಿಟಿ ಕೈಬಿಟ್ಟು ನಮ್ಮ ಊರಿನ ಠಾಣೆಯಲ್ಲಿ ಸಹಿ ಹಾಕಲು ಬಿಡಿ ಎಂಬ ಅರ್ಜಿಯನ್ನು ಕೇಸು ನಡೆಯುತ್ತಿರುವ ಕೋರ್ಟಿಗೇ ಹಾಕಬೇಕು. ಅಲ್ಲಿನ ಕಾನೂನು ಸೇವಾ ವಕೀಲರನ್ನು ಗೊತ್ತುಮಾಡಿಕೊಡಿ ಎಂದು ಈ ಸಮಿತಿಯಲ್ಲಿ ಕೇಳಬಹುದು.